ಅಪ್ಪ ಕೆಂಪು ಗೆರೆ ಎಳೆದ ಶಬ್ದ

ಮಾನ್ವಿ
8 ಸೆಪ್ಟೆಂಬರ್ 2024, ಭಾನುವಾರ

ಪ್ರೀತಿಯ ಅಪ್ಪನಿಗೆ,

ನಿನ್ನ ಮಗಳ ಜೈಭೀಮ್. ಪತ್ರ ತಡವಾಯಿತು, ಬೈಯಬೇಡ. ಬೈಯುವುದಿದ್ದರೂ ಪತ್ರದಲ್ಲೇ ಬೈ, ಪ್ರಭುರಾಜನ ಕೈಯಿಂದ ಫೋನ್ ಮಾಡಿಸಿ ಬೈಸಬೇಡ. ಅವನು ಅಣ್ಣನೆಂಬ ಗತ್ತಿನಲ್ಲಿ ನಿನ್ನ ಒಂದು ಮಾತಿಗೆ ತನ್ನ ನಾಲ್ಕು ಸೇರಿಸುತ್ತಾನೆ. ನೀನೇ ಫೋನ್ ಹಿಡಿದರೆ ನಾನು ಇಲ್ಲಿ ಊಟವಾಯಿತೇ ಎಂದು ಒದರುವುದು ಮಾನ್ವಿಯ ಅರ್ಧ ಊರಿಗೆ ಕೇಳಿಸುತ್ತದೆ, ನಿನಗೆ ಮಾತ್ರ ಕೇಳಿಸುವುದಿಲ್ಲ. ಕಿವಿಯ ಮಷೀನನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದ್ದೀಯಂತೆ, ಅತ್ತಿಗೆ ಹೇಳಿದಳು. ಮುಪ್ಪಿನಲ್ಲಿ ಇಷ್ಟು ಷೋಕಿ ಏಕೋ ತಿಳಿಯದು. ಅಂತೂ ನಿನಗೂ ನನಗೂ ಕಾಗದವೇ ಗತಿ.

ಇಲ್ಲಿ ಎಲ್ಲ ನಾರ್ಮಲ್. ಅತ್ತೆಯ ಬಿಪಿ ನಾರ್ಮಲ್, ಅವರ ಮಂಡಿನೋವೂ ನಾರ್ಮಲ್, ಶಾಲೆ ನಾರ್ಮಲ್, ಹತ್ತನೆಯ ತರಗತಿಯ ಹುಡುಗರು ನನ್ನ ಇಂಗ್ಲಿಷ್ ಪೀರಿಯಡ್ಡಿಗೆ ತಪ್ಪಿಸಿಕೊಂಡು ಹೋಗುವುದೂ ನಾರ್ಮಲ್. ಕಾಲುವೆಗೆ ನೀರು ಬಿಟ್ಟಿದ್ದಾರೆ, ನಾಟಿ ಮುಗಿದಿದೆ. ಅಕ್ಕಿ ಮಿಲ್ಲಿನ ದೊಡ್ಡ ಮೋಟರು ಸುಟ್ಟು ಕೆಲಸ ನಿಂತಿದೆ. ರಿಪೇರಿ ಆದ ಮೇಲೆ ಅದೂ ನಾರ್ಮಲ್ ಆಗುತ್ತದೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಹೋಗಿ ಚಹಾ ಮಾಡಿಕೊಂಡು ಬಂದೆ. ಎಲ್ಲ ನಾರ್ಮಲ್ ಇಲ್ಲ ಅಪ್ಪ. ನನ್ನ ಕೂಸು ಆನಂದನಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂದು ನನಗೆ ಭಯ ಹತ್ತಿದೆ.

ಎದೆ ಗಟ್ಟಿ ಮಾಡಿಕೊಂಡು ಪೂರ್ತಿ ಓದು. ನಮ್ಮ ಮನೆ ಮಿಲ್ಲಿನ ಗೋಡೆಗೇ ಅಂಟಿಕೊಂಡಿದೆ, ಇವರು ಅಲ್ಲಿ ಆಪರೇಟರ್ ಆಗಿರುವುದರಿಂದ ಕೊಟ್ಟ ಕ್ವಾರ್ಟರ್ಸ್. ನೀನು ಬಂದಾಗಲೆಲ್ಲ ಮಿಲ್ಲು ನಡೆಯುತ್ತಿತ್ತು. ನಿನಗೆ ಅದರ ಸದ್ದು ತಿಳಿದಿರಲಿಕ್ಕಿಲ್ಲ, ಕಾಲಡಿಯ ನೆಲ ನಡುಗುವುದಷ್ಟೇ ತಿಳಿದಿರಬೇಕು. ಆ ಸದ್ದಿನಲ್ಲಿ ಬಾಯಿಂದ ಮಾತಾಡುವವರು ಹೊಸಬರು ಮಾತ್ರ. ಮಿಲ್ಲಿನವರೆಲ್ಲ ಕೈಯಲ್ಲೇ ಮಾತಾಡುತ್ತಾರೆ. ಐದು ಬೆರಳು ಕೂಡಿಸಿ ಬಾಯಿಗೆ ಹಿಡಿದರೆ ಊಟಕ್ಕೆ ಬಾ ಎಂದು. ಹೆಬ್ಬೆರಳು ತುಟಿಗೆ ಇಟ್ಟರೆ ಚಹಾ. ಮುಷ್ಟಿ ಎದೆಗೆ ತಂದರೆ ಚೀಲ ತುಂಬಿತು. ಮೀಸೆ ತಿರುವಿದರೆ ಸಾಹುಕಾರ ಬಂದ. ಈಗಿನ ಸಾಹುಕಾರನಿಗೆ ಮೀಸೆಯೇ ಇಲ್ಲ, ಆದರೂ ಸನ್ನೆ ಅವರಪ್ಪನ ಕಾಲದಿಂದ ಹಾಗೇ ನಡೆದುಬಂದಿದೆ. ಅತ್ತೆ ವಯಸ್ಸಿನಲ್ಲಿ ಅಲ್ಲಿಯೇ ಅಕ್ಕಿ ಕೇರುತ್ತಿದ್ದವರು, ಇವತ್ತಿಗೂ ಅಡುಗೆಮನೆಯಲ್ಲಿ ಕೂತು ನನ್ನ ಜೊತೆ ಕೈಯಲ್ಲೇ ಜಗಳ ಮಾಡುತ್ತಾರೆ.

ಆನಂದ ನಡೆಯುವುದಕ್ಕಿಂತ ಮೊದಲು ಇದನ್ನು ಕಲಿತ. ಮೀಸೆ ತಿರುವಿ ಹಮಾಲರನ್ನು ನಗಿಸುತ್ತಿದ್ದ. ಹಮಾಲರ ಮುಖ್ಯಸ್ಥ ಬೂದೆಪ್ಪ ಅವನನ್ನು ಹೆಗಲ ಮೇಲೆ ಕೂಡಿಸಿಕೊಂಡು, ಆಪರೇಟರ್ ಮಗ ಭಾರಿ ಶಾಣ್ಯಾ, ಹೇಳೂದರಾಗ ತಿಳಕೊಂತಾನ ಎಂದು ಮೆರೆಸುತ್ತಿದ್ದ. ಹೇಳಿದವರು ಯಾರೂ ಇಲ್ಲ, ಎಲ್ಲರೂ ತೋರಿಸಿದವರೇ. ಎರಡು ತುಂಬಿದರೂ ಮಾತು ಬರಲಿಲ್ಲ. ಗಂಡುಮಕ್ಕಳಿಗೆ ಮಾತು ತಡ, ನಿನ್ನ ಗಂಡನೂ ಹಾಗೇ ಇದ್ದ ಎಂದು ಅತ್ತೆ ಹೇಳಿದರು. ನಾನೂ ಹೂಂ ಎಂದೆ. ಬೇರೆ ಯಾವ ಮನೆಯಲ್ಲಿದ್ದರೂ ವರ್ಷ ತುಂಬುವುದರೊಳಗೆ ಗೊತ್ತಾಗುತ್ತಿತ್ತು.

ಮೋಟರು ಸುಟ್ಟ ಮೇಲೆ ನಮ್ಮ ಅಂಗಳದಲ್ಲಿ ಎಂದೂ ಇಲ್ಲದ ಹಾಗೆ ಸದ್ದಡಗಿದೆ. ಕಾಗೆ ಕೂಗುವುದು ಕೇಳುತ್ತದೆ, ಅತ್ತೆಯ ಗೊರಕೆ ಕೇಳುತ್ತದೆ. ಮೊನ್ನೆ ಗುರುವಾರ ಸಂಜೆ ವೈಂಡಿಂಗ್ ಕೆಲಸದ ನಯೀಮಣ್ಣ ವೈರು ಜೋಡಿಸಿ, ಕರೆಂಟು ಬಂತೋ ಇಲ್ಲವೋ ನೋಡಲು ಪಾಳಿ ಬದಲಾಗುವಾಗ ಊದುವ ಭೋಂಗಾ ಒತ್ತಿದ. ಆ ಮೌನದಲ್ಲಿ ಅದು ಎಷ್ಟು ಜೋರಾಗಿ ಕೂಗಿತೆಂದರೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು, ನಾಯಿ ಬಾಲ ಮುದುರಿಕೊಂಡು ಓಡಿತು, ಅತ್ತೆಯ ಕೈಯಿಂದ ಮೊರ ಬಿತ್ತು. ಆನಂದ ಭೋಂಗಾದ ಕಂಬದ ಬುಡದಲ್ಲೇ ನಮಗೆ ಬೆನ್ನು ಹಾಕಿ ಕೂತು ಡಬ್ಬಿಗೆ ಹೊಟ್ಟು ತುಂಬುತ್ತಿದ್ದ. ತುಂಬಿದ, ಸುರುವಿದ, ಮತ್ತೆ ತುಂಬಿದ. ಕುತ್ತಿಗೆ ಕೂಡ ಅಲುಗಲಿಲ್ಲ. ನಯೀಮಣ್ಣ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ.

ಇವರಿಗೆ ಹೇಳಿದೆ. "ಅಂವ ನಾರ್ಮಲ್ ಅದಾನ. ಈ ಮಿಲ್ಲಿನ್ಯಾಗ ಹುಟ್ಟಿದ ಹುಡುಗ ಭೋಂಗಾಕ್ಕ ಹೆದರ್ತಾನೇನು" ಎಂದು ನಕ್ಕರು. ನಗು ಬಾಯಿಯಲ್ಲಿ ಮಾತ್ರ ಇತ್ತು. ನಮ್ಮ ಶಾಲೆಯ ವಿಜ್ಞಾನದ ಟೀಚರು ಲಲಿತಾ ಸುಮ್ಮನೆ ಕೂಡಬೇಡ, ರಾಯಚೂರಿಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸು, ಮೂರು ತುಂಬುವುದರೊಳಗೆ ತಿಳಿದರೆ ಮಾತು ಕಲಿಸಬಹುದು ಎನ್ನುತ್ತಾಳೆ. ಅವನಿಗೆ ಈಗ ಎರಡೂವರೆ ಹತ್ತಿರ. ಇವರು ಪರೀಕ್ಷೆಯ ಹೆಸರೆತ್ತಿದರೆ ಎದ್ದು ಹೋಗುತ್ತಾರೆ.

ನೀನು ಏನನ್ನುತ್ತೀಯ ಬೇಗ ಬರೆ. ಅಣ್ಣ ಅತ್ತಿಗೆಗೆ ಈಗಲೇ ಹೇಳಬೇಡ.

ನಿನ್ನ
ವಿಶಾಖಾ


ಮಾನ್ವಿ
29 ಸೆಪ್ಟೆಂಬರ್ 2024

ಅಪ್ಪ,

ನಿನ್ನ ಲಕೋಟೆ ಬಂತು. ಒಡೆದು ನೋಡಿದರೆ ನನ್ನದೇ ಪತ್ರ ವಾಪಸು ಬಂದಿದೆ, ಅದರಲ್ಲಿ ನಾರ್ಮಲ್ ಎಂದು ಬರೆದ ಕಡೆಯಲ್ಲೆಲ್ಲ ಕೆಂಪು ಗೆರೆ. ಮಗಳು ಹೊಟ್ಟೆಯ ಸಂಕಟ ಬರೆದರೆ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಅಂಬರೇಶಪ್ಪನವರು ಪೇಪರ್ ತಿದ್ದಿ ಕಳಿಸಿದ್ದಾರೆ. ಸಿಟ್ಟು ನೆತ್ತಿಗೇರಿತು, ಅದಕ್ಕೇ ಉತ್ತರ ತಡವಾಯಿತು. ಕ್ಷಮಿಸು ಎಂದು ಕೇಳುವುದಿಲ್ಲ, ತಪ್ಪು ನಿನ್ನದೇ.

ಜೊತೆಗಿದ್ದ ನಿನ್ನ ನಾಲ್ಕು ಪುಟವನ್ನು ಸಿಟ್ಟಿನಲ್ಲಿ ಡಬ್ಬಿಯ ಹಿಂದೆ ತುರುಕಿದ್ದೆ. ಆಮೇಲೆ ತೆಗೆದು ಓದಿದೆ. ಈ ಶಬ್ದ ಎಲ್ಲಿಂದ ಬಂತು ಗೊತ್ತೇನು ಎಂದು ಶುರು ಮಾಡಿದ್ದೀಯ. ಹಳೆಯ ರೋಮಿನ ಬಡಿಗರು ಕಟ್ಟಿಗೆಯ ಮೂಲೆ ಸರಿಯಿದೆಯೋ ಇಲ್ಲವೋ ನೋಡಲು ಇಟ್ಟುಕೊಂಡಿದ್ದ ಮೂಲೆಮಟ್ಟದ ಹೆಸರು ನೋರ್ಮಾ. ಅದಕ್ಕೆ ಹೊಂದಿದ್ದು ನಾರ್ಮಲ್. ಇಂಗ್ಲಿಷಿಗೆ ಬಂದಾಗಲೂ ಮೊದಲಿಗೆ ನೆಟ್ಟಗೆ ನಿಂತ ಗೆರೆ ಎಂದೇ ಅರ್ಥ, ಗಣಿತದವರು ಇವತ್ತಿಗೂ ಹಾಗೇ ಬಳಸುತ್ತಾರೆ. ಬಡಿಗನ ಚೀಲದಿಂದ ಎದ್ದು ಅದು ಮಾಸ್ತರರ ತರಬೇತಿ ಶಾಲೆಗೆ ಹೊಕ್ಕು ನಾರ್ಮಲ್ ಸ್ಕೂಲಾಯಿತು, ದವಾಖಾನೆ ಹೊಕ್ಕು ಜ್ವರ ಅಳೆಯಿತು, ಹತ್ತೊಂಬತ್ತನೆಯ ಶತಮಾನದಲ್ಲಿ ಮನುಷ್ಯರ ಮೈಗೂ ಬುದ್ಧಿಗೂ ಹಚ್ಚಿ ನೋಡುವ ರೂಢಿಯಾಯಿತು. ಎಲ್ಲರ ಹಾಗೆ ಇರುವವನು ಎಂಬ ಅರ್ಥ ಮೊನ್ನೆ ಮೊನ್ನೆಯದು, ಅದಕ್ಕಿಷ್ಟು ಹೆದರಬೇಡ ಎಂದು ಬರೆದಿದ್ದೀಯ. ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಒಂದು ಶಬ್ದ ಹುಡುಕಿ ಸೋತು, ಸಾಮಾನ್ಯ ಬರೆದು ಹೊಡೆದುಹಾಕಿ, ಎಂದಿನಂತೆ ಬರೆದು ಹೊಡೆದುಹಾಕಿ, ಕಡೆಗೆ ಸಹಜ ಎಂದು ಬರೆದು ಅದರ ಕೆಳಗೆ, ಜೊತೆಗೆ ಹುಟ್ಟಿದ್ದು ಸಹಜ, ಕೂಸಿನ ಕಿವಿ ಹುಟ್ಟಿದಾಗಿನಿಂದ ಹೀಗೇ ಇದ್ದರೆ ಅವನಿಗೆ ಅದೇ ಸಹಜ ಎಂದಿದ್ದೀಯ.

ಓದಲಿಕ್ಕೆ ಚೆನ್ನಾಗಿದೆ ಅಪ್ಪ. ಆದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ, ಅದಕ್ಕೆ ನಿನ್ನ ರೋಮಿನ ಬಡಿಗ ಏನು ಮಾಡುತ್ತಾನೆ? ಆಮೇಲೆ ಕೊನೆಯ ಪುಟ ನೋಡಿದೆ. ನಿನ್ನ ಅಕ್ಷರ ಯಾವತ್ತೂ ಗೆರೆ ಬಿಟ್ಟು ಕದಲುವುದಿಲ್ಲ, ಅಲ್ಲಿ ಕೆಳಗಿಳಿದು ಹೋಗಿತ್ತು. ಆನಂದ ಎಂದು ಬರೆಯುವ ಕಡೆ ದ ಅಕ್ಷರ ಬಿಟ್ಟೇ ಹೋಗಿತ್ತು. ಆಗ ತಿಳಿಯಿತು, ಹೆದರಿದವನು ನೀನೂ. ಹೆದರಿದಾಗ ನಿಘಂಟು ತೆಗೆಯುವುದು ನಿನ್ನ ಹಳೆಯ ಚಟ. ಅವ್ವನ ಆಪರೇಷನ್ ದಿನವೂ ದವಾಖಾನೆಯ ಬೆಂಚಿನ ಮೇಲೆ ಕೂತು ನನಗೆ ಸರ್ಜನ್ ಎಂಬ ಶಬ್ದ ಎಲ್ಲಿಂದ ಬಂತು ಎಂದು ಹೇಳಿದ್ದೆ.

ನಿನ್ನ ಕಾಟಕ್ಕೆ ನಾನೂ ಶಾಲೆಯಲ್ಲಿ ಈ ಶಬ್ದ ಹಲಗೆಯ ಮೇಲೆ ಬರೆದು ಹುಡುಗರಿಗೆ ಎಲ್ಲೆಲ್ಲಿ ಕೇಳಿದ್ದೀರಿ ಹೇಳಿ ಎಂದೆ. ಅಂಗಡಿಯಲ್ಲಿ ತಣ್ಣಗಿಲ್ಲದ ನೀರಿನ ಬಾಟಲಿಗೆ ನಾರ್ಮಲ್ ಎನ್ನುತ್ತಾರೆ ಎಂದ ಒಬ್ಬ. ಫೋನು ಬೇಗ ತುಂಬಿಸದ ಚಾರ್ಜರು ನಾರ್ಮಲ್ ಎಂದ ಇನ್ನೊಬ್ಬ. ಹುಡುಗಿಯೊಬ್ಬಳು ಎದ್ದು ನಿಂತು, ನಮ್ಮಕ್ಕನಿಗೆ ನಾರ್ಮಲ್ ಆಯಿತು ಟೀಚರ್, ಗಂಡು ಎಂದಳು. ಎಲ್ಲರೂ ನಕ್ಕರು. ನನಗೆ ಆನಂದ ಹುಟ್ಟಿದ ದಿನ ನೆನಪಾಯಿತು. ನರ್ಸು ಹೊರಗೆ ಬಂದು ನಾರ್ಮಲ್ ಎಂದಾಗ ನೀನು ಕೇಳಿಸದೆ ಪ್ರಭುರಾಜನ ತುಟಿ ನೋಡಿ ತಿಳಿದುಕೊಂಡು ಅಲ್ಲಿದ್ದವರಿಗೆಲ್ಲ ಪೇಢೆ ಹಂಚಿದೆಯಂತೆ. ತರಗತಿಯಲ್ಲಿ ಮುಂದೆ ಪಾಠ ಮಾಡಲಿಕ್ಕಾಗದೆ ಓದಿಕೊಳ್ಳಿ ಎಂದು ಕೂಡಿಸಿದೆ.

ಈಗ ಮನೆಯ ಸುದ್ದಿ. ಪರೀಕ್ಷೆ ಎಂದರೆ ಇವರು ಸುಗ್ಗಿ ಮುಗಿಯಲಿ ಎನ್ನುತ್ತಾರೆ. ಲಲಿತಾ ನವೆಂಬರ್ ಮೊದಲ ವಾರಕ್ಕೆ ಹೆಸರು ಹಚ್ಚಿಸಿಟ್ಟಿದ್ದಾಳೆ, ಇವರಿಗೆ ಇನ್ನೂ ಹೇಳಿಲ್ಲ. ಅತ್ತೆ ದಿನಾ ಬಜೆ ತೇದು ಜೇನುತುಪ್ಪದಲ್ಲಿ ಅವನ ನಾಲಿಗೆಗೆ ಸವರುತ್ತಾರೆ. ಸಿರವಾರದ ಕಡೆಯ ತೋಟದಿಂದ ಗಿಳಿ ಕಚ್ಚಿದ ಪೇರಲ ತರಿಸಿ ತಿನ್ನಿಸಿದರು, ಗಿಳಿಯ ಎಂಜಲು ತಿಂದರೆ ಮಾತು ಬರುತ್ತದಂತೆ. ಆನಂದ ಪೇರಲ ಚಪ್ಪರಿಸಿ ತಿಂದು ಇನ್ನೊಂದು ಬೇಕೆಂದು ಕೈ ಮಾಡಿದ. ನಾನು ಬೇಡ ಎನ್ನಲಿಲ್ಲ. ಅತ್ತೆಗೂ ಭಯವೇ, ಭಯಕ್ಕೆ ಅವರದೊಂದು ದಾರಿ. ಆದರೆ ಮೊನ್ನೆ ನೆರೆಯವಳ ಮುಂದೆ, "ಬೀಗರಿಗೆ ಕಿವಿ ಇಲ್ಲಲ್ಲ, ಅವರದ ಇಳಿದು ಬಂದದ" ಎಂದರು. ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಬರೆದೆ. ನಿನ್ನ ಕಿವಿ ಹೋದದ್ದು ಐವತ್ತು ದಾಟಿದ ಮೇಲೆ ಎಂದು ನಾನು ಹೇಳಿದರೆ, ಬೇರು ಇದ್ದರೆ ತಾನೆ ಗಿಡ ಎಂದರು.

ನಾನು ಏನಾಗಿದ್ದೇನೆ ಗೊತ್ತೇ? ದಿನವಿಡೀ ಅವನ ಬೆನ್ನ ಹಿಂದೆ ತಾಟು ಬಡಿಯುವುದು, ಮುಚ್ಚಳ ಬೀಳಿಸುವುದು. ಕುಕ್ಕರು ಸೀಟಿ ಹಾಕುವಾಗ ಅಡುಗೆ ನೋಡುವುದಿಲ್ಲ, ಅವನ ಮುಖ ನೋಡುತ್ತೇನೆ. ಒಮ್ಮೆ ಒರಳ ಗುಂಡು ಕೈಜಾರಿ ಬಿದ್ದಾಗ ತಿರುಗಿ ನೋಡಿದ. ನಾನು ಅವನನ್ನು ಎತ್ತಿಕೊಂಡು ಹುಚ್ಚಿಯ ಹಾಗೆ ಅಂಗಳವೆಲ್ಲ ತಿರುಗಿದೆ. ಮತ್ತೆ ಬೀಳಿಸಿದೆ, ಮತ್ತೆ ತಿರುಗಿದ. ಆಮೇಲೆ ಅವನನ್ನು ಕಾಲು ನೆಲಕ್ಕೆ ತಾಗದ ಹಾಗೆ ಹಗ್ಗದ ಹೊರಸಿನ ಮೇಲೆ ಕೂಡಿಸಿ ಗುಂಡು ಬೀಳಿಸಿದೆ. ತಿರುಗಲಿಲ್ಲ. ನೆಲ ನಡುಗಿದ್ದು ಅವನ ಕಾಲಿಗೆ ತಿಳಿಯುತ್ತಿತ್ತು, ಅಷ್ಟೇ.

ಇವರಿಗೆ ಒಂದು ಮಾತು ನೀನೇ ಬರೆ. ನಿನ್ನ ಮೇಲೆ ಇವರಿಗೆ ಗೌರವ ಇದೆ. ರೋಮಿನ ಬಡಿಗನ ವಿಷಯ ಮಾತ್ರ ಬರೆಯಬೇಡ.

ನಿನ್ನ
ವಿಶಾಖಾ


ಮಾನ್ವಿ
10 ನವೆಂಬರ್ 2024

ಪ್ರೀತಿಯ ಅಪ್ಪ,

ದೀಪಾವಳಿಗೆ ಬರಲಿಲ್ಲ, ಪತ್ರವನ್ನೂ ಬರೆಯಲಿಲ್ಲ. ಪ್ರಭುರಾಜ ಫೋನಿನಲ್ಲಿ ನಿನಗೆ ಎಷ್ಟು ಹೇಳಿದ್ದಾನೋ ಗೊತ್ತಿಲ್ಲ. ಅವನಿಗೆ ನಾನು ಹೇಳಿದ್ದೇ ಸ್ವಲ್ಪ, ನಿನಗೆ ತುಟಿ ಅಲುಗಿಸಿ ತಿಳಿಸುವಷ್ಟರಲ್ಲಿ ಅದು ಇನ್ನೂ ಸ್ವಲ್ಪವಾಗಿರುತ್ತದೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಇವರು ಒಪ್ಪಿದ್ದು ನಿನ್ನ ಪತ್ರದಿಂದಲ್ಲ, ಲಾರಿಯಿಂದ. ಮೋಟರು ರಿಪೇರಿಯಾಗಿ ಹೊಸ ಭತ್ತ ಬರತೊಡಗಿದ ಮೇಲೆ ಮಿಲ್ಲಿನ ಅಂಗಳದಲ್ಲಿ ಸಾಲಾಗಿ ಲಾರಿ. ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು, ಡ್ರೈವರು ಹಾರ್ನ್ ಒತ್ತಿಯೇ ಹಿಡಿದಿದ್ದ. ಆನಂದ ಅದರ ಹಿಂದೆ ಕೂತು ಬಿದ್ದ ಭತ್ತ ಆರಿಸುತ್ತಿದ್ದ. ಬೂದೆಪ್ಪ ಬೆನ್ನ ಮೇಲಿನ ಚೀಲ ಅಲ್ಲೇ ಒಗೆದು ಹೋಗಿ ಅವನನ್ನು ಎಳೆದುಕೊಂಡ. ಇವರು ಮೇಲಿನ ಅಟ್ಟದಿಂದ ಎಲ್ಲ ನೋಡಿದರಂತೆ. ಸಂಜೆ ಬಂದು ನೀರು ಕುಡಿದು, ನನ್ನ ಮುಖ ನೋಡದೆ, "ರಾಯಚೂರಿಗೆ ಯಾವತ್ತು ಹೋಗೂಣು" ಎಂದರು.

ಬುಧವಾರ ಹೋದೆವು, ಮೂವರೇ. ಪರೀಕ್ಷೆಯ ಕೋಣೆಯ ಗೋಡೆಗೆಲ್ಲ ಸ್ಪಂಜು ಬಡಿದಿದ್ದರು, ಹೊರಗಿನ ಒಂದು ಸದ್ದೂ ಒಳಗೆ ಬರುವುದಿಲ್ಲ. ನನ್ನ ತೊಡೆಯ ಮೇಲೆ ಆನಂದ, ಮೂಲೆಯ ಸ್ಟೂಲಿನ ಮೇಲೆ ಇವರು. ಗಾಜಿನ ಆಚೆಯಿಂದ ಪರೀಕ್ಷೆ ಮಾಡುವ ಮೇಡಂ ಒಂದೊಂದೇ ಸದ್ದು ಬಿಟ್ಟರು. ಮೊದಲು ಗುಬ್ಬಿ ಚಿಲಿಪಿಲಿಯಷ್ಟು, ಆಮೇಲೆ ಹೆಚ್ಚುತ್ತಾ ಹೋಯಿತು. ಕಡೆಗೆ ನನ್ನ ಎದೆಯೊಳಗೆಲ್ಲ ಗುಂಯ್ ಎನ್ನತೊಡಗಿತು. ಮಿಲ್ಲಿನಲ್ಲಿ ಹದಿನೈದು ವರ್ಷ ಕೆಲಸ ಮಾಡಿದ ಇವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಆನಂದ ಬಣ್ಣದ ಬಳೆಗಳನ್ನು ಕಡ್ಡಿಗೆ ಪೋಣಿಸುತ್ತಿದ್ದ. ತನ್ನಪ್ಪ ಕಿವಿ ಮುಚ್ಚಿಕೊಂಡಿದ್ದು ನೋಡಿ ಅದೊಂದು ಹೊಸ ಆಟ ಎಂದುಕೊಂಡು ತಾನೂ ಕಿವಿ ಮುಚ್ಚಿಕೊಂಡು ನಕ್ಕ. ಇವರು ಕೈ ಕೆಳಗಿಳಿಸಿದ್ದು ನಾನು ನೋಡಿದೆ. ಆ ಮುಖ ಮತ್ತೆ ನೋಡಲಾರೆ.

ಆಮೇಲೆ ಸಿರಪ್ಪು ಕುಡಿಸಿ ಮಲಗಿಸಿ ತಲೆಗೆ ವೈರು ಅಂಟಿಸಿ ಇನ್ನೊಂದು ಪರೀಕ್ಷೆ ಮಾಡಿದರು. ಎರಡೂ ಕಿವಿ ಕೇಳಿಸುವುದು ತೀರಾ ಕಡಿಮೆ ಎಂದು ಮೇಡಂ ಹೇಳಿದರು. ಹುಟ್ಟಿದಾಗಿನಿಂದಲೇ ಇರಬೇಕು, ಕಾರಣ ಇಂಥದ್ದೇ ಎಂದು ಹೇಳಲಾಗದು. ಮುಪ್ಪಿನಲ್ಲಿ ಕಿವಿ ಹೋದ ಅಜ್ಜನಿಗೂ ಇದಕ್ಕೂ ಸಂಬಂಧ ಹಚ್ಚಬೇಡಿ ಎಂದರು. ಈ ಮಾತು ಊರಿಗೆ ಬಂದ ಕೂಡಲೇ ಅತ್ತೆಗೆ ಮುಟ್ಟಿಸಿದ್ದೇನೆ. ಮೊದಲು ಎರಡೂ ಕಿವಿಗೆ ಮಷೀನು ಹಾಕಿ ಕೆಲವು ತಿಂಗಳು ನೋಡುತ್ತಾರಂತೆ. ಅದು ಸಾಲದಿದ್ದರೆ ಕಿವಿಯ ಒಳಗೆ ಯಂತ್ರ ಕೂಡಿಸುವ ಆಪರೇಷನ್. ಅದಕ್ಕೆ ಸರ್ಕಾರದ ಸಹಾಯ ಇದೆಯಂತೆ, ಲಲಿತಾ ವಿಚಾರಿಸುತ್ತಿದ್ದಾಳೆ.

ನಾನು ಇಂಗ್ಲಿಷ್ ಟೀಚರು, ಅಂಬರೇಶ ಮಾಸ್ತರರ ಮಗಳು, ನೀನು ಗೆರೆ ಎಳೆದ ಶಬ್ದವನ್ನೇ ಬಾಯಿಬಿಟ್ಟು ಕೇಳಿದೆ. "ಇಂವ ನಾರ್ಮಲ್ ಆಗ್ತಾನೇನ್ರಿ ಮೇಡಂ?"

ಅವರು ಬರೆಯುವುದು ನಿಲ್ಲಿಸಿದರು. "ಅದನ್ನ ಕೇಳಬ್ಯಾಡ್ರಿ. ಮಾತು ಕಲೀತಾನೇನು ಅಂತ ಕೇಳ್ರಿ. ಕಲಿಯಾಕ ಇನ್ನಾ ಟೈಮ್ ಅದ, ಆದ್ರ ಭಾಳ ಇಲ್ಲ."

ಬಸ್ ಸ್ಟ್ಯಾಂಡಿಗೆ ನಡೆದು ಬಂದೆವು. ಆನಂದ ಇವರ ಹೆಗಲ ಮೇಲೆ ಸಿರಪ್ಪಿನ ಮತ್ತಿನಲ್ಲಿ ಮಲಗಿದ್ದ. ಬಾಯಿ ಒಣಗಿದೆ, ಒಂದು ನೀರಿನ ಬಾಟಲಿ ತನ್ನಿ ಎಂದೆ. ಅಂಗಡಿಯವನು ಫ್ರಿಜ್ಜಿನ ಬಾಗಿಲು ಹಿಡಿದು ನಿಂತು, "ಕೂಲ್ ಕೊಡ್ಲ್ಯಾ ನಾರ್ಮಲ್ ಕೊಡ್ಲ್ಯಾ ಅಣ್ಣ" ಎಂದ. ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ, ಪಾಪ, ಅವನದೇನು ತಪ್ಪು. ಅವನು ಮತ್ತೆ ಕೇಳಿದ. ಇವರು ಮಗುವಿನ ಬೆನ್ನಿನಲ್ಲಿ ಮುಖ ಒತ್ತಿಕೊಂಡು ಅಲ್ಲೇ, ಅಷ್ಟು ಜನರ ನಡುವೆ, ಬಿಕ್ಕತೊಡಗಿದರು. ನಾನೇ ಹೋಗಿ ಕೈಗೆ ಸಿಕ್ಕ ಬಾಟಲಿ ತೆಗೆದುಕೊಂಡೆ.

ಇದಾದ ಮೇಲೆ ಇವರು ಸುಧಾರಿಸಿಕೊಂಡರು ಎಂದುಕೊಂಡೆ. ಸುಧಾರಿಸಲಿಲ್ಲ, ಹಟಕ್ಕೆ ಬಿದ್ದರು. ಮೇಡಂ ಹೇಳಿದ್ದು ಮುಖಕ್ಕೆ ಮುಖ ಕೊಟ್ಟು ಹೆಚ್ಚು ಮಾತಾಡಿ ಎಂದು. ಇವರು ಅದನ್ನು ಕೈಸನ್ನೆಯೇ ಬೇಡ ಎಂದು ಮಾಡಿಕೊಂಡರು. ಕೈಯಿಂದಲೇ ನನ್ನ ಮಗ ಕೆಟ್ಟ ಎಂಬುದು ಇವರ ತಲೆಯಲ್ಲಿ ಹೊಕ್ಕಿದೆ. ಮಿಲ್ಲಿನವರಿಗೆಲ್ಲ ಹೇಳಿಬಿಟ್ಟರು, ನನ್ನ ಮಗನ ಮುಂದೆ ಯಾರೂ ಕೈ ಮಾಡಬಾರದು ಎಂದು. ಬೂದೆಪ್ಪ ಈಗ ಆನಂದನನ್ನು ಕಂಡರೆ ಎರಡೂ ಕೈ ಬಗಲಲ್ಲಿ ಇಟ್ಟುಕೊಂಡು ಹೋಗುತ್ತಾನೆ. ಆನಂದ ಒಬ್ಬೊಬ್ಬರ ಎದುರೂ ನಿಂತು ಮೀಸೆ ತಿರುವುತ್ತಾನೆ, ಯಾರೂ ನಗುವುದಿಲ್ಲ. ಅವನಿಗೆ ಇದ್ದ ಮಾತನ್ನೂ ನಾವು ಕಿತ್ತುಕೊಂಡೆವು ಅಪ್ಪ.

ಶುಕ್ರವಾರ ಮಧ್ಯಾಹ್ನ ಹಸಿದು ಬಂದು ಐದು ಬೆರಳು ಬಾಯಿಗೆ ಹಿಡಿದ. ಇವರು ತಾಟು ಎತ್ತಿ ಹಿಡಿದು, ಅನ್ನ ಅನ್ನು, ಅನ್ನ ಅನ್ನು ಎಂದು ಜೋರಾಗಿ ಹೇಳಿಸತೊಡಗಿದರು. ಅವನು ಮತ್ತೆ ಬೆರಳು ಹಿಡಿದ. ಇವರು ಮತ್ತೆ ಅದೇ. ಅವನಿಗೆ ಏನೂ ತಿಳಿಯದೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳತೊಡಗಿದ. ನನಗೆ ತಡೆಯಲಾಗಲಿಲ್ಲ.

"ಮಷೀನ್ ಕಿವಿಗೆ ಒಗ್ಗೂತನಕ ಅವಗ ನಾವು ಯಾರು?" ಎಂದೆ. "ನಿಮ್ಮ ದನಿ ಅವಗ ಗೊತ್ತಿಲ್ಲ. ನಿಮ್ಮ ಕೈ ಒಂದ ಗೊತ್ತದ."

ಇವರು ತಾಟು ಹಿಡಿದುಕೊಂಡು ನಿಂತೇ ಇದ್ದರು. ಅಷ್ಟರಲ್ಲಿ ಅವರ ಬೆನ್ನ ಹಿಂದೆ, ಒಲೆಯ ಮುಂದೆ ಕೂತಿದ್ದ ಅತ್ತೆ ತಮ್ಮ ಸೊಟ್ಟ ಬೆರಳುಗಳನ್ನು ಕೂಡಿಸಿ ಬಾಯಿಗೆ ಹಿಡಿದು, ಬಾ ಎಂದು ಕೈ ಮಾಡಿದರು. ಆನಂದ ಓಡಿ ಹೋಗಿ ಅವರ ತೊಡೆಯ ಮೇಲೆ ಬಿದ್ದ. ಇವರು ತಿರುಗಿ ನೋಡಿದರು. ತಾಟು ತಾಯಿಯ ಮುಂದೆ ಇಟ್ಟು ಹೊರಗೆ ಹೋದರು. ಬೀಗರದ್ದು ಇಳಿದು ಬಂತು ಎಂದಿದ್ದ ಅತ್ತೆಯ ಮೇಲಿನ ನನ್ನ ಸಿಟ್ಟು ಅಂದೇ ಹೋಯಿತು.

ನಿನ್ನೆ ಬೆಳಿಗ್ಗೆ ಇವರು ಚಹಾ ಬೇಕೇ ಎಂದು ಮಗನಿಗೆ ಹೆಬ್ಬೆರಳು ತೋರಿಸಿದ್ದನ್ನು ನೋಡಿದೆ. ಬಾಯಿಯಲ್ಲೂ ಚಹಾ ಎಂದರು. ಎರಡೂ ಇರಲಿ ಎಂದು ನಾನು ಹೇಳಲು ಹೋಗಲಿಲ್ಲ, ಅವರಾಗಿಯೇ ಬಂದಿದ್ದಾರೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ರಾಯಚೂರಿನವರು ಅಭ್ಯಾಸಕ್ಕೆಂದು ಒಂದು ಮಷೀನು ಕೊಟ್ಟು ಕಳಿಸಿದ್ದಾರೆ. ಆನಂದ ಅದನ್ನು ಕಿವಿಗೆ ಇಡಗೊಡುವುದಿಲ್ಲ. ನಿನ್ನೆ ಕಿತ್ತು ತೌಡಿನ ರಾಶಿಗೆ ಎಸೆದ, ಇವರೂ ಬೂದೆಪ್ಪನೂ ನಾನೂ ತೌಡು ಜರಡಿ ಹಿಡಿದು ಹುಡುಕಿದೆವು. ಮನೆಯಲ್ಲಿ ಯಾರ ಕಿವಿಯಲ್ಲೂ ಇಲ್ಲದ್ದು ತನ್ನ ಕಿವಿಯಲ್ಲಿ ಏಕೆ ಎಂದು ಅವನಿಗೆ. ಮಾಡುವುದನ್ನು ನೋಡಿಯೇ ಅವನು ಎಲ್ಲ ಕಲಿತದ್ದು. ನೀನು ಟ್ರಂಕು ತೆಗೆದು ನಿನ್ನ ಮಷೀನು ಹಾಕಿಕೊಂಡು ಬಾ. ಸೆಲ್ಲು ಹೊಸದು ಹಾಕಿಸಿಕೋ. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಹಳೆಯ ವಿದ್ಯಾರ್ಥಿಗಳು ನೋಡುತ್ತಾರೆ ಎಂಬ ನಾಚಿಕೆ ಇದ್ದರೆ ಸಿರವಾರದಲ್ಲಿ ಬಸ್ಸು ಬದಲಿಸುವಾಗ ಹಾಕಿಕೋ, ಆದರೆ ನಮ್ಮ ಅಂಗಳಕ್ಕೆ ಕಾಲಿಡುವಾಗ ಅದು ನಿನ್ನ ಕಿವಿಯಲ್ಲಿ ಇರಬೇಕು. ಅವನ ಎದುರು ಕೂತು ತೆಗೆ, ಹಾಕು, ಅವನ ಕೈಗೆ ಕೊಡು. ಒಂದು ವಾರ ಇರುವ ಹಾಗೆ ಬಟ್ಟೆ ತಗೊಂಡು ಬಾ. ಅಲ್ಲಿಂದಲೇ ಆಶೀರ್ವಾದ ಬರೆದು ಕಳಿಸಬೇಡ, ಅವನ ತಲೆಯ ಮೇಲೆ ನಿನ್ನ ಕೈಯೇ ಬೇಕು.

ಅಣ್ಣ ಅತ್ತಿಗೆಗೆ ಈಗ ಎಲ್ಲ ಹೇಳಬಹುದು. ಮಕ್ಕಳು ಚೆನ್ನಾಗಿರಲಿ. ನೀನು ಬಿಪಿ ಗುಳಿಗೆ ತಪ್ಪಿಸಬೇಡ.

ನಿನ್ನ ಮಗಳು
ವಿಶಾಖಾ

ತಾ.ಕ.: ಪತ್ರ ಮಡಚಿ ಮತ್ತೆ ಬಿಚ್ಚಿದೆ. ಇವರಿಗೂ ಹೇಳದ ಮಾತು ಇದು. ಅವನು ಹೊಟ್ಟೆಯಲ್ಲಿದ್ದಾಗಲೇ ಹೆಸರು ನೀನು ಆರಿಸಿದ್ದೆ. ಬುದ್ಧನ ಜೊತೆಗೇ ಇದ್ದು, ಅವನು ಆಡಿದ ಮಾತೆಲ್ಲ ಕೇಳಿ, ಒಂದನ್ನೂ ಮರೆಯದೆ ಇಟ್ಟುಕೊಂಡವನು ಆನಂದ ಎಂದು ನನ್ನ ಹಾಸಿಗೆಯ ಪಕ್ಕ ಕೂತು ಹೇಳಿದ್ದೆ. ನಾನು ಎರಡು ವರ್ಷ ಆ ಹೆಸರು ಹಿಡಿದು ಜೋಗುಳ ಹಾಡಿ ಮಲಗಿಸಿದ್ದೇನೆ. ರಾಯಚೂರಿನಿಂದ ಬಂದ ಮೇಲೆ ನಾನು ಅವನನ್ನು ಒಂದು ಸಲವೂ ಹೆಸರು ಹಿಡಿದು ಕರೆದಿಲ್ಲ ಅಪ್ಪ. ಹೋಗಿ ಭುಜ ಮುಟ್ಟುತ್ತೇನೆ, ಅಷ್ಟೇ. ನೀನು ಬಂದಾಗ ಬಾಗಿಲಲ್ಲಿ ನಿಂತು, ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದಷ್ಟು ಗಟ್ಟಿಯಾಗಿ, ಒಮ್ಮೆ ಅವನನ್ನು ಆನಂದ ಎಂದು ಕರೆ. ನಾನು ಒಳಗೆ ಇರುತ್ತೇನೆ. ನನಗೆ ಕೇಳಿಸಬೇಕು.